ಮುಕ್ಕಾಲು ಪಾಲು ನೀರು

ನಮ್ಮೂರ ಆಸ್ಪತ್ರೆಯ ಕಾಂಪೌಂಡರನಿಗೆ ದೇವರು ಕಣ್ಣಿನ ಜಾಗದಲ್ಲಿ ಅಳತೆಗೋಲನ್ನೇ ಇಟ್ಟು ಕಳಿಸಿದ್ದನೆಂದು ನಾನು ಇಂದಿಗೂ ನಂಬಿದ್ದೇನೆ. ಸಮುದ್ರವನ್ನು ಎರಡು ಲೋಟಕ್ಕೆ ಸಮನಾಗಿ ಹಂಚು ಎಂದರೆ ಹಂಚಿ, ಮೀನುಗಳ ನಡುವೆಯೂ ತಕರಾರು ಹುಟ್ಟದಂತೆ ನೋಡಿಕೊಳ್ಳುವ ಆಸಾಮಿ. ಸೀಸೆಯನ್ನು ಬೆಳಕಿಗೆ ಹಿಡಿದು, ಎಡಗಣ್ಣು ಮುಚ್ಚಿ, ನಾಲಗೆಯ ತುದಿಯನ್ನು ಮೀಸೆಗೆ ತಾಗಿಸಿಕೊಂಡು ಆತ ಔಷಧಿ ಸುರಿಯುವಾಗ, ಕೊನೆಯ ತೊಟ್ಟು ಸೀಸೆಯ ಕಂಠದಲ್ಲೇ ನಿಂತು ಅವನ ಅಪ್ಪಣೆಗಾಗಿ ಕಾಯುತ್ತಿತ್ತು. ನಾವೆಲ್ಲ ಅವನನ್ನು 'ತಕ್ಕಡಿ' ಎನ್ನುತ್ತಿದ್ದೆವು. ಮೊಳಕೈ ಸವೆದ ಬಿಳಿ ಕೋಟಿಗೆ ಬಿರುಬೇಸಿಗೆಯಲ್ಲೂ ಕತ್ತಿನವರೆಗೆ ಗುಂಡಿ, ತಲೆಯ ಮೇಲೆ ತುಂಬಿದ ಬಟ್ಟಲಿದೆಯೇನೋ ಎಂಬಂಥ ನಡಿಗೆ, ಪ್ರತಿ ಮಾತಿನ ಬಾಲಕ್ಕೂ ಒಂದು "ಅಷ್ಟೇ."

ಒಮ್ಮೆ ಏಣಿಯಿಂದ ಬಿದ್ದು ಸೊಂಟ ಉಳುಕಿಸಿಕೊಂಡ. ಮೂಳೆ ಮುರಿದವರಿಗೂ ಬದುಕುವ ಭರವಸೆ ಇಲ್ಲದವರಿಗೂ ಕೊಡುವ ನೋವಿನ ಔಷಧಿ ಬೀರುವಿನಲ್ಲಿತ್ತು. ಬೀಗದ ಕೈ ಅವನ ಜೇಬಿನಲ್ಲಿತ್ತು. ಎರಡು ತೊಟ್ಟು ನಾಲಗೆಗೆ ಬಿಟ್ಟುಕೊಂಡ. ಸೊಂಟ ವಾಸಿಯಾಯಿತು, ನಾಲಗೆ ವಾಸಿಯಾಗಲಿಲ್ಲ. ದಿನವೂ ತಾನು ಕುಡಿದಷ್ಟೇ ನೀರನ್ನು ಕೂದಲೆಳೆಯ ವ್ಯತ್ಯಾಸವಿಲ್ಲದೆ ಸೀಸೆಗೆ ತುಂಬಿಸಿಡುತ್ತಿದ್ದ. ತಪಾಸಣೆಗೆ ಬಂದವರು ಸೀಸೆಯ ಮಟ್ಟ ನೋಡಿ ಬೆನ್ನು ತಟ್ಟಿ ಹೋದರು. ಒಡ್ಡೊಡ್ಡು ಕೈಯವನಾಗಿದ್ದರೆ ವಾರದೊಳಗೆ ಸಿಕ್ಕಿಬಿದ್ದು ಬದುಕಿಕೊಳ್ಳುತ್ತಿದ್ದ. ಅವನ ಕುಶಲತೆ ಅವನನ್ನು ಎರಡು ವರ್ಷ ಕಾಪಾಡಿತು, ಅಂದರೆ ಮುಳುಗಿಸಿತು.

ಆ ಕಾಲದಲ್ಲೇ ನಾನು ತೊಡೆ ಮುರಿದುಕೊಂಡು ಅಲ್ಲಿ ಮಲಗಿದ್ದೆ. ನನ್ನ ಆರ್ತನಾದಕ್ಕೆ ಮೂರು ಬೀದಿಯಾಚೆಯ ನಾಯಿಗಳು ಸಂಸಾರ ಸಮೇತ ಊರು ಬಿಟ್ಟವು.

"ಔಷಧಿ ಕುಡಿದ್ಮೇಲೂ ಹೀಗ್ ಕೂಗ್ತೀರಲ್ಲ ಯಜಮಾನ್ರೇ! ಮನಸ್ಸು ಗಟ್ಟಿ ಮಾಡ್ಕೊಳ್ಳಿ. ಅಷ್ಟೇ."

ನನ್ನ ಹೇಡಿತನಕ್ಕೆ ನಾನೇ ನಾಚಿ ದಿಂಬು ಕಚ್ಚಿದೆ.

ಆಮೇಲೆ, ನನ್ನ ಪಕ್ಕದ ಬಟ್ಟೆ ತೆರೆಯಾಚೆಯ ಮಂಚಕ್ಕೆ ಅವನ ಅಕ್ಕ ಬಂದಳು. ತಾಯಿಯಿಲ್ಲದ ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಹೊಟ್ಟೆಯ ಕ್ಯಾನ್ಸರು ಅವಳನ್ನು ಹಾಸಿಗೆಯ ಮಡಿಕೆಯಷ್ಟಕ್ಕೆ ಇಳಿಸಿಬಿಟ್ಟಿತ್ತು. ಡಾಕ್ಟರಮ್ಮ ಅವಳಿಗೆ ಬರೆದದ್ದು ಅದೇ ಸೀಸೆಯ ಔಷಧಿ.

"ಪುಟ್ಟಾ, ಇನ್ನೊಂಚೂರು ಕೊಡೋ. ಏನೂ ಹಿಡೀತಿಲ್ಲ ಕಣೋ."

"ಈಗ್ತಾನೆ ಕೊಟ್ಟೆನಲ್ಲಕ್ಕಾ. ತಡ್ಕೋ."

"ಹೋಗ್ಲಿ ಬಿಡು. ನೀನು ಅಳೆದು ಕೊಟ್ಟಿದ್ದು ಸರಿಯಾಗೇ ಇರುತ್ತೆ. ನನ್ನ ಮೈಯೇ ಸರಿಯಿಲ್ಲ."

ಹಳೆಯದು ಮುಗಿಯದೆ ಹೊಸ ಸೀಸೆ ಒಡೆಯಲು ಡಾಕ್ಟರಮ್ಮನ ಅಪ್ಪಣೆ ಬೇಕು. ಅಪ್ಪಣೆಗೆ ಕಾರಣ ಹೇಳಬೇಕು. ಎರಡು ದಿನ ಆತ ತೆರೆಯ ಪಕ್ಕದಲ್ಲಿ ನಿಂತೇ ಇದ್ದ. ಎರಡು ದಿನ ಅವಳು ನರಳಿದಳು. ಮೂರನೆಯ ಬೆಳಿಗ್ಗೆ ಡಾಕ್ಟರಮ್ಮನ ಎದುರು ಬಾಯಿ ಬಿಟ್ಟ.

"ಮೇಡಂ, ಆ ಸೀಸೆ ಬೇಡ. ಅದರಲ್ಲಿ ಮುಕ್ಕಾಲು ಪಾಲು ನೀರು."

"ಯಾರ್ರೀ ಬೆರೆಸಿದ್ದು?"

"ನಾನೇ. ಔಷಧಿ ನನ್ನ ಹೊಟ್ಟೆ ಸೇರಿದೆ."

ಹೊಸ ಸೀಸೆ ಬಂತು. ಅಕ್ಕ ನಾಲ್ಕು ದಿನ ಸುಖವಾಗಿ ನಿದ್ದೆಹೋದಳು, ಐದನೆಯ ದಿನ ಏಳಲಿಲ್ಲ. ಅವಳಿಗೆ ಯಾರೂ ಏನೂ ಹೇಳಿರಲಿಲ್ಲ. "ನಮ್ ಪುಟ್ಟ ಒಳ್ಳೇ ಔಷಧಿ ಹುಡುಕಿ ತಂದ" ಎಂದು ಹೊಗಳುತ್ತಲೇ ಹೋದಳು. ಅವನ ಕೆಲಸ ಹೋಯಿತು, ಕೋಟು ಹೋಯಿತು. ಹೋಗಬೇಕಾದದ್ದು ಮಾತ್ರ ಹೋಗಲಿಲ್ಲ. ಚಟ ಬಿಡಿಸುವ ಕೇಂದ್ರಕ್ಕೆ ಎರಡು ಸಲ ಸೇರಿದ, ಎರಡು ಸಲವೂ ಗೋಡೆ ಹಾರಿದ. ಕಡೆಯ ಸಲ ಬಸ್ ನಿಲ್ದಾಣದಲ್ಲಿ ಸಿಕ್ಕಾಗ, ನನ್ನ ತೊಡೆ ಹೇಗಿದೆಯೆಂದು ಅಕ್ಕರೆಯಿಂದ ವಿಚಾರಿಸಿದ. ಚಳಿಗೆ ನೋಯುತ್ತದೆ ಎಂದೆ. ಅವನ ಕಣ್ಣು ಹೊಳೆಯಿತು.

"ಅದಕ್ಕೆ ಮಾತ್ರೆ ಗೀತ್ರೆ ಏನಾದ್ರೂ ಇಟ್ಕೊಂಡಿದ್ದೀರಾ, ಯಜಮಾನ್ರೇ?"

ಇಂಥವರನ್ನು ಲೋಕ ಕಲ್ಲೆದೆಯವರೆಂದು ಬೈದು ಹಗುರಾಗುತ್ತದೆ. ನಾನು ಹಾಗೆನ್ನಲಾರೆ, ಆ ತೆರೆಯ ಪಕ್ಕದಲ್ಲಿ ಅವನು ಅತ್ತದ್ದನ್ನು ಕೇಳಿದ್ದೇನೆ. ಚಟ ಹಿಡಿದವನ ಎದೆಯಲ್ಲಿ ಮಮತೆ ಸಾಯುವುದಿಲ್ಲ. ಅದು ಹೊರಡುವುದೂ ನಿಜ, ನೊಂದವರನ್ನು ತಲುಪುವುದೂ ನಿಜ. ಆದರೆ ಎರಡು ದಿನ ತಡವಾಗಿ ತಲುಪುತ್ತದೆ, ಮತ್ತು ಆ ಎರಡು ದಿನಗಳನ್ನು ಅವನಲ್ಲದ ಇನ್ನಾರೋ ಹಲ್ಲುಕಚ್ಚಿ ಕಳೆಯಬೇಕಾಗುತ್ತದೆ.