ಗರ್ಭಕೋಶ ತೆಗೆಸಿಕೊಂಡವಳ ಮಡಿ

ಐ.ಡಿ.ಹಳ್ಳಿ ಕಡೆಯ ಆ ಹಟ್ಟಿಯಲ್ಲಿ ಹೆಂಗಸರ ಮುಟ್ಟಿನ ತೀರ್ಮಾನವೆಲ್ಲ ರಂಗಕ್ಕನದು. ಅವಳು ಹೊರಗೆ ಅಂದರೆ ಹೊರಗೆ, ಒಳಗೆ ಅಂದರೆ ಒಳಗೆ. ಎಪ್ಪತ್ತೆಂಟನೇ ಇಸವಿಯಲ್ಲಿ ಅವಳ ಸೊಸೆ ಈರಕ್ಕ ಹೊರಗಾದಳಲ್ಲ, ರಕ್ತ ಐದು ದಿನಕ್ಕೂ ನಿಲ್ಲಲಿಲ್ಲ, ಐದು ವಾರಕ್ಕೂ ನಿಲ್ಲಲಿಲ್ಲ. ಬೇಲಿಯಾಚೆ ಮುಟ್ಟಾದವರನ್ನು ಇರಿಸುವ ಗುಡ್ಲಿನಲ್ಲಿ ಏಳು ತಿಂಗಳು ಬಿದ್ದಿದ್ದಳು. ಆಸ್ಪತ್ರೆಗೆ ಕರ್ಕೊಂಡೋಗು ಅಂತ ಗಂಡ ಯತ್ತಪ್ಪನನ್ನು ಕೂಗಿದರೆ ಅವನು ಅವ್ವನ ಮುಖ ನೋಡುತ್ತಿದ್ದ.

"ನಿಂತ ಮ್ಯಾಲೆ ಹೋಗೀವಂತೆ. ಮೈಲಿಗೆ ಹೊತ್ಕೊಂಡು ಊರೂರು ತಿರುಗಿದ್ರೆ ದ್ಯಾವ್ರು ಸುಮ್ಕಿರ್ತಾನಾ?" ಅನ್ನುತ್ತಿದ್ದಳು ರಂಗಕ್ಕ, ಅಂಬಲಿಯನ್ನು ಮೈ ತಾಕದಂತೆ ಮೇಲಿಂದ ಹುಯ್ಯುತ್ತಾ.

ಕೊನೆಗೆ ತವರಿನ ಅಣ್ಣ ಬಂದು, ಯಾರ ಮಾತೂ ಕೇಳದೆ, ಗಾಡಿಗೆ ಹಾಕಿಕೊಂಡು ಮಧುಗಿರಿಗೆ, ಅಲ್ಲಿಂದ ತುಮಕೂರಿಗೆ ಒಯ್ದ. ಡಾಕ್ಟರಮ್ಮ ಗರ್ಭಕೋಶವನ್ನೇ ತೆಗೆದಳು.

"ಗರ್ಭಕೋಶದ ಮಾಂಸದಲ್ಲೇ ಹುಟ್ಟೋ ಕ್ಯಾನ್ಸರ್ ಗೆಡ್ಡೆ ಇದು. ಬಲು ಅಪರೂಪ. ನನ್ನ ಸರ್ವೀಸಿನಲ್ಲಿ ಇದು ಎರಡನೇದು. ಇಷ್ಟು ದಿನ ಯಾಕಮ್ಮ ಬಿಟ್ರಿ? ಮತ್ತೆ ಎಲ್ಲಿ ಚಿಗುರುತ್ತೋ, ಮೂರು ತಿಂಗಳಿಗೊಮ್ಮೆ ಬಂದು ತೋರಿಸ್ಬೇಕು."

ಬದುಕಿರುವಷ್ಟರಲ್ಲಿ ರಂಗಕ್ಕನ ಸೊಕ್ಕು ಮುರಿಯಬೇಕು ಅಂತ ಈರಕ್ಕ ಆಸ್ಪತ್ರೆಯ ಮಂಚದ ಮೇಲೇ ಅಂದುಕೊಂಡಳು.

ಹಟ್ಟಿಗೆ ವಾಪಸು ಬಂದ ಮೇಲೆ ಒಂದು ತಮಾಷೆ ಆಯಿತು. ದೇವರ ಎಡೆ ಬೇಯಿಸುವವಳು ಮುಟ್ಟು ನಿಂತವಳಾಗಿರಬೇಕು. ಅಂಥವರಲ್ಲಿ ಕೈಕಾಲು ಗಟ್ಟಿಯಿದ್ದವಳು ರಂಗಕ್ಕ ಒಬ್ಬಳೇ. ಈಗ ಮೂವತ್ತೆರಡು ವರ್ಷದ ಈರಕ್ಕ ಎರಡನೆಯವಳಾದಳು. "ಆಪ್ರೇಸನ್ ಆಗಿ ದೊಡ್ಡಮ್ಮ ಆಗ್ಬುಟ್ಲು ಕಣಮ್ಮ ಈರಿ" ಅಂತ ಹೆಂಗಸರು ನಕ್ಕರು. ಈರಕ್ಕನೂ ನಕ್ಕಳು.

ವರ್ಷ ಕಳೆದು ಒಂದು ಸೋಮವಾರ ಬೆಳಿಗ್ಗೆ, ಗುಡಿಯ ಒಲೆ ಮುಂದೆ ರಂಗಕ್ಕ ಮಡಕೆ ಎತ್ತಲು ಬಗ್ಗಿದಾಗ, ಅವಳ ಸೀರೆಯ ಹಿಂದೆ ಹಸಿ ಕಲೆ ಕಂಡಿತು.

"ಎಷ್ಟು ದಿನ ಆಯ್ತತ್ತೆ?"

"ಏನು?"

"ನನ್ನತ್ರ ಬಚ್ಚಿಡಬ್ಯಾಡ. ಏಳು ತಿಂಗ್ಳು ಅದೇ ಬಟ್ಟೆ ಒಗೆದೋಳು ನಾನು."

ರಂಗಕ್ಕ ಸೆರಗು ಎಳೆದುಕೊಂಡಳು. ಮುಟ್ಟು ನಿಂತು ಹತ್ತು ವರ್ಷವಾದವಳು. "ಎರಡು ತಿಂಗ್ಳಾತು. ಯಾರ್ಗೂ ಅನ್ಬ್ಯಾಡ ಕಣೆ ತಾಯಿ."

ಆ 'ತಾಯಿ' ಅನ್ನುವುದು ಈರಕ್ಕನ ಎದೆಗೆ ಬೆಲ್ಲದಂತೆ ಇಳಿಯಿತು.

"ಇದು ಮೈಲಿಗೆ ಅಂದ್ರೆ ಈಗ್ಲೇ ಗುಡ್ಲಿಗೆ ನಡಿ. ನಿಲ್ಲೋಗಂಟ ಇರು, ಅಂಬ್ಲಿ ನಾನು ಹುಯ್ತೀನಿ. ಕಾಯ್ಲೆ ಅಂದ್ರೆ ಹಟ್ಟಿಯೋರ ಮುಂದೆ ನಿನ್ ಬಾಯಾಗೇ ಹೇಳು. ನಂದೂ ಕಾಯ್ಲೆನೇ ಆಗಿತ್ತು ಅಂತಾನೂ ಹೇಳು."

"ಮಗನ ಮುಂದೆ ಹೆಂಗೆ ಹೇಳ್ಲೇ?"

"ನಾನು ಬೇಲಿ ಹಿಡ್ಕಂಡು ಕೂಗಿ ಹೇಳಿದ್ದೂ ನಿನ್ ಮಗಂಗೇ."

ಗುಡಿ ಮುಂದೆ ಗಂಡಸರು ಸೇರಿದ್ದರು. ಪೂಜಾರಿ ಕ್ಯಾತಣ್ಣ ಹೂ ಬಿಡಿಸುತ್ತಿದ್ದ. ರಂಗಕ್ಕ ನೆಲ ನೋಡುತ್ತಾ ಏನೋ ಗೊಣಗಿದಳು.

"ಜೋರಾಗಿ ಹೇಳತ್ತೆ, ಕ್ಯಾತಣ್ಣಂಗೆ ಕಿವಿ ಮಂದ," ಅಂದಳು ಈರಕ್ಕ.

ರಂಗಕ್ಕ ಜೋರಾಗಿ ಹೇಳಿದಳು. ತನಗೆ ಹೋಗುತ್ತಿರುವುದು ಕಾಯಿಲೆಯ ರಕ್ತ, ಈರಿಗೆ ಹೋಗಿದ್ದೂ ಅದೇ ಅಂತ. ಯತ್ತಪ್ಪ ಎದ್ದು ಕಂಬದ ಹಿಂದಕ್ಕೆ ಸರಿದ.

ಕ್ಯಾತಣ್ಣ ಹೂ ಕೆಳಗಿಟ್ಟ. "ಅಂಗಾರೆ ಈ ಹೆಣ್ಮಗಳ್ನ ಏಳು ತಿಂಗ್ಳು ಹೊರಗೆ ಕೊಳೆ ಹಾಕಿದ್ದು ಯಾರು?"

"ನಾನೇ," ಅಂದಳು ರಂಗಕ್ಕ.

ತುಮಕೂರಿನ ಆಸ್ಪತ್ರೆಗೆ ಹೋಗಲು ಮಧುಗಿರಿ ಬಸ್ಸಿಗೆ ಹೊತ್ತಾಗಿತ್ತು. ಯತ್ತಪ್ಪ ಅವ್ವನ ಬಟ್ಟೆ ಗಂಟು ಕಟ್ಟಿದ. ರಂಗಕ್ಕ ಸೊಸೆಯ ಕೈ ಹಿಡಿದಳು.

"ನೀನೂ ಬಾರೆ ಈರಿ. ಆ ಡಾಕ್ಟ್ರಮ್ಮ ನಿಂಗೆ ಗುರ್ತು. ನಂಗೆ ಎದೆ ಹೊಡ್ಕಂತೈತೆ. ಇವ್ನ ಹತ್ರ ಏನಂತ ಬಿಡಿಸಿ ಹೇಳ್ಲಿ?"

ಈರಕ್ಕ ಕೈ ಬಿಡಿಸಿಕೊಂಡಳು. "ನಾ ಹೆಂಗೆ ಬರ್ಲತ್ತೆ? ನೀನೋದ್ರೆ ಎಡೆ ಬೇಯ್ಸಾಕೆ ಹಟ್ಟೀಲಿ ನಾನೊಬ್ಳೇ ಅಲ್ವಾ."

ರಂಗಕ್ಕ ಬೇಲಿಯ ಹತ್ತಿರ ಎರಡು ಸಲ ನಿಂತು ತಿರುಗಿ ನೋಡಿದಳಂತೆ. ಈರಕ್ಕ ಒಲೆ ಊದುತ್ತಿದ್ದಳು.