ಕತ್ತರಿ ಅಕ್ಕನ ಫೋನಿನಲ್ಲಿ ಉಳಿದ ಮಾತು

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಈ ಗಾದೆ ಕಟ್ಟಿದ ಪುಣ್ಯಾತ್ಮನಿಗೆ ಕಿವಿ ಚೆನ್ನಾಗಿ ಕೇಳುತ್ತಿದ್ದಿರಬೇಕು. ಕತ್ತರಿ ಅಕ್ಕನ ವಿಷಯದಲ್ಲಿ ಆಡಿದ ಮಾತು ಎಲ್ಲಿಗೂ ಹೋಗುತ್ತಿರಲಿಲ್ಲ. ಹುಟ್ಟಿನಿಂದಲೇ ಅವಳಿಗೆ ಕಿವಿ ಕೇಳದು. ಅವಳ ಮಾತೆಲ್ಲ ಕೈಯಲ್ಲಿ, ಕಣ್ಣಲ್ಲಿ, ಹುಬ್ಬಿನಲ್ಲಿ. ದೂರದವರ ಜೊತೆ ಮಾತಾಡಬೇಕೆಂದರೆ ಫೋನನ್ನು ಎದುರಿಗಿಟ್ಟುಕೊಂಡು, ಕೈ ಆಡಿಸಿ, ವಿಡಿಯೋ ಮಾಡಿ ಕಳಿಸಬೇಕು. "ಹಾಲು ತಂದ್ಯಾ?" ಎನ್ನುವುದೂ ಒಂದು ವಿಡಿಯೋ, "ಹೂಂ, ತಂದೆ" ಎನ್ನುವುದೂ ಒಂದು ವಿಡಿಯೋ. ಬರೆದು ಕಳಿಸಬಾರದೇ ಎಂದು ಕೇಳಿದವರಿಗೆ ಅವಳು ತಿರುಗಿ ಒಂದೇ ಪ್ರಶ್ನೆ ಕೇಳುತ್ತಿದ್ದಳು: ನಿಮ್ಮ ಒಡಹುಟ್ಟಿದವರು ಎದುರಿಗೆ ಕೂತಾಗ ನೀವು ಚೀಟಿ ಬರೆದು ಮಾತಾಡುತ್ತೀರಾ? ಹೀಗಾಗಿ ಬೇರೆಯವರ ಮಾತು ಗಾಳಿಗೆ ಹೋದರೆ ಇವಳ ಐದು ವರ್ಷದ ಮಾತು ಫೋನಿನೊಳಗೆ ಚಕ್ಕಳಮಕ್ಕಳ ಹಾಕಿ ಕೂತಿತ್ತು. ಫೋನು ಆಮೆಯಾಗದೆ ಇನ್ನೇನಾದೀತು?

ಆಸ್ಪತ್ರೆಗಳಿಗೆ ಸಮವಸ್ತ್ರ ಹೊಲಿಯುವ ಕಾರ್ಖಾನೆಯೊಂದರಲ್ಲಿ ಹದಿನಾಲ್ಕು ವರ್ಷದಿಂದ ಬಟ್ಟೆ ಕತ್ತರಿಸುವುದು ಅವಳ ಕಸುಬು. ಕತ್ತರಿ ಅಕ್ಕ ಎಂಬ ಹೆಸರು ಬಂದದ್ದು ಅಲ್ಲಿಂದ. ಉದ್ದನೆಯ ಮೇಜಿನ ಮೇಲೆ ಬಟ್ಟೆಯನ್ನು ಪದರ ಪದರವಾಗಿ ಹಾಸಿ, ಮೇಲೆ ಕಾಗದದ ಅಚ್ಚುಗಳನ್ನು ಜೋಡಿಸಿ, ವಿದ್ಯುತ್ ಚಾಕು ಹಿಡಿದು ಅವಳು ಹೊರಟಳೆಂದರೆ ಅಂಗೈಯಗಲದ ಚೂರೂ ದಂಡವಾಗುತ್ತಿರಲಿಲ್ಲ. ಚಾಕು ಮೊಂಡಾದದ್ದು ಉಳಿದವರಿಗೆ ಸದ್ದಿನಿಂದ ಗೊತ್ತಾದರೆ ಇವಳಿಗೆ ಮಣಿಕಟ್ಟಿನ ನಡುಕದಿಂದ ಅದಕ್ಕೂ ಮೊದಲೇ ಗೊತ್ತಾಗುತ್ತಿತ್ತು. ತನ್ನ ಕೆಲಸದ ಬಗ್ಗೆ ಅವಳಿಗೆ ಅನುಮಾನ ಇರಲಿಲ್ಲ, ವಿನಯವೂ ಅಷ್ಟಕ್ಕಷ್ಟೇ.

ಇನ್ನೊಂದು ದೊಡ್ಡ ಕಾರ್ಖಾನೆ ಕತ್ತರಿ ವಿಭಾಗಕ್ಕೆ ಮೇಲ್ವಿಚಾರಕರನ್ನು ಹುಡುಕುತ್ತಿತ್ತು. ಕೈಕೆಳಗೆ ಹನ್ನೆರಡು ಜನ. ಅವಳು ಅರ್ಜಿ ಹಾಕಿದಳು, ಮಂಗಳವಾರ ವಿಡಿಯೋ ಸಂದರ್ಶನವೂ ಆಯಿತು. ಪರದೆಯ ಮೇಲೆ ಒಬ್ಬ ಮ್ಯಾನೇಜರ್, ಪಕ್ಕದಲ್ಲಿ ಇನ್ನಿಬ್ಬರು, ಕೈಮಾತನ್ನು ಬಾಯಿಮಾತಿಗೆ ತಿರುಗಿಸಲು ಒಬ್ಬ ದುಭಾಷಿ ಹೆಂಗಸು. ಬಟ್ಟೆ ಕಡಿಮೆ ಬಿದ್ದರೆ ಏನು ಮಾಡುತ್ತೀರಿ ಎಂದು ಮ್ಯಾನೇಜರ್ ಕೇಳಿದ. ಇವಳಿಗೆ ನೀರು ಕುಡಿದಷ್ಟು ಸುಲಭದ ಪ್ರಶ್ನೆ, ಐದು ನಿಮಿಷ ಕೈಬಿಚ್ಚಿ ಉತ್ತರ ಕೊಟ್ಟಳು. ಅವರಿಗೆ ಕಂಡದ್ದು ಮಾತ್ರ ಬೇರೆ. ಬಲಗೈ ಎತ್ತಿ, ಬಾಯಿ ಅರೆತೆರೆದು, ಗೊಂಬೆಯಂತೆ ನಿಂತುಬಿಟ್ಟ ಒಬ್ಬ ಹೆಂಗಸು. ಉತ್ತರ ಗೊತ್ತಿಲ್ಲ, ಪಾಪ, ಎಂದುಕೊಂಡು ಅವರು ಧನ್ಯವಾದ ಹೇಳಿ ಎದ್ದುಬಿಟ್ಟರು.

ಆಮೇಲೆ ವಿಷಯ ತಿಳಿಸಿದ್ದು ಆ ದುಭಾಷಿಯೇ. ಕೆಟ್ಟದ್ದು ಫೋನೇ ಹೊರತು ಇವರ ತಲೆಯಲ್ಲ ಎಂದು ಅವರ ಹತ್ತಿರ ವಾದ ಮಾಡಿ, ಗುರುವಾರ ನಾಲ್ಕು ಗಂಟೆಗೆ ಇನ್ನೊಂದು ಅವಕಾಶ ಗಿಟ್ಟಿಸಿದ್ದಳು. ಆಗಲೂ ಹೀಗಾದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದು ಮ್ಯಾನೇಜರ್ ಖಡಾಖಂಡಿತವಾಗಿ ಹೇಳಿದ್ದನಂತೆ. ಕತ್ತರಿ ಅಕ್ಕನಿಗೆ ಮೈಯೆಲ್ಲ ಉರಿದುಹೋಯಿತು. ಗೊತ್ತಿಲ್ಲದೆ ಸೋತಿದ್ದರೆ ಸಹಿಸಿಕೊಳ್ಳುತ್ತಿದ್ದಳೋ ಏನೋ. ಗೊತ್ತಿದ್ದೂ ಪೆದ್ದಿಯಾಗಿ ಕಂಡದ್ದನ್ನು ಮಾತ್ರ ಸಹಿಸಲಾಗಲಿಲ್ಲ.

ಗಂಡ ಬಸ್ಸುಗಳ ಮೆಕ್ಯಾನಿಕ್, ಒಳ್ಳೆಯ ಮನುಷ್ಯ. ಅವನ ಫೋನಿನ ಮುಂದಿನ ಕ್ಯಾಮೆರಾ ಸ್ಪ್ಯಾನರ್ ಬಿದ್ದು ಕುರುಡಾಗಿ ಎರಡು ವರ್ಷವಾಗಿತ್ತು. ಹೊಸ ಫೋನು ತಂದುಬಿಡೋಣ ಎಂದ. ಹೊಸದು ತಂದರೂ ಇದೇ ಕಸವನ್ನು ಅದಕ್ಕೂ ಸುರಿಯುತ್ತೇನೆ, ಆರು ತಿಂಗಳಲ್ಲಿ ಅದೂ ಇದರ ತಂಗಿಯಾಗುತ್ತದೆ ಎಂದು ಅವಳು ತಳ್ಳಿಹಾಕಿದಳು.

ಅಷ್ಟರಲ್ಲಿ ಮೈದುನ ಬಂದ. ಗೊತ್ತಿಲ್ಲ ಎಂಬ ಮಾತು ಆ ಮಹಾಶಯನ ನಾಲಗೆಗೆ ಹುಟ್ಟಿದಾಗಿನಿಂದ ತಗುಲಿರಲಿಲ್ಲ. ಫೋನು ಕಿತ್ತುಕೊಂಡು, ವೇಗ ಹೆಚ್ಚಿಸುವ ಆಪ್ ಒಂದು, ಕಸ ಗುಡಿಸುವ ಆಪ್ ಒಂದು, ಬ್ಯಾಟರಿ ತಣ್ಣಗಿಡುವ ಆಪ್ ಒಂದು, ಹೀಗೆ ಮೂರನ್ನು ತುಂಬಿ, ಮಂಗಳಾರತಿ ಮುಗಿಸಿದವನಂತೆ ಕೈ ಒರೆಸಿಕೊಂಡ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತಾಯಿತು. ಬುಧವಾರ ಇಡೀ ದಿನ ಆ ಮೂರೂ ಸರದಿಯ ಮೇಲೆ ಪರದೆಗೆ ಬಂದು ತಮ್ಮ ಸಾಧನೆ ಹೇಳಿಕೊಂಡವು, ನಡುನಡುವೆ ಜಾಹೀರಾತು ತೋರಿಸಿದವು. ಮನೆ ಗುಡಿಸಲು ಬಂದ ಮೂವರು ನಡುಮನೆಯಲ್ಲೇ ಹಾಸಿಗೆ ಹಾಸಿದ ಹಾಗಾಯಿತು. ಮೊದಲು ನಿಧಾನವಾಗಿ ನಡೆಯುತ್ತಿದ್ದ ಫೋನು ಈಗ ಕೂತೇಬಿಟ್ಟಿತು.

ಗುರುವಾರ ಕತ್ತರಿ ಅಕ್ಕ ರಜೆ ಹಾಕಿದಳು. ಬೆಳಿಗ್ಗೆ ಒಂಬತ್ತಕ್ಕೆ ಊಟದ ಮೇಜು ಒರೆಸಿ, ಕನ್ನಡಕ ಹಾಕಿಕೊಂಡು, ಫೋನನ್ನು ಬಟ್ಟೆಯ ಹಾಗೆ ಎದುರಿಗೆ ಹಾಸಿಕೊಂಡು ಕೂತಳು. ಮೇಜಿನ ಮೇಲೆ ನೂರು ಪದರ ಹೇರಿ ಚಾಕು ಮೊಂಡು ಎಂದು ಬೈಯುವವರನ್ನು ಅವಳು ಹದಿನಾಲ್ಕು ವರ್ಷದಿಂದ ನೋಡಿದ್ದಳು. ಚಾಕು ನಿಂತರೆ ಇನ್ನೊಂದು ಚಾಕು ತರುವುದಲ್ಲ, ಪದರ ಇಳಿಸುವುದು. ಫೋನೇನು ಅದಕ್ಕಿಂತ ದೊಡ್ಡ ಬ್ರಹ್ಮವಿದ್ಯೆಯೇ?

ಮೊದಲು ಮೈದುನನ ಮೂವರು ಜಾಡಮಾಲಿಗಳನ್ನು ಹೊರಗೆ ಹಾಕಿದಳು. ಅವರ ಹಿಂದೆಯೇ, ಒಮ್ಮೆಯೂ ತೆರೆಯದ ಹದಿನೇಳು ಆಪ್‌ಗಳು ಹೋದವು. ಅದರಲ್ಲಿ ಅಳತೆಪಟ್ಟಿಯದೂ ಒಂದಿತ್ತು. ಕೊರಳಲ್ಲಿ ಸದಾ ಟೇಪು ನೇತುಹಾಕಿಕೊಂಡವಳ ಫೋನಿನಲ್ಲಿ ಅಳತೆಪಟ್ಟಿ ಯಾಕಿತ್ತೋ ದೇವರಿಗೇ ಗೊತ್ತು. ಮುಖಪುಟದಲ್ಲಿ ಹಗಲಿರುಳು ಸುರಿಯುತ್ತಿದ್ದ ಜಲಪಾತವನ್ನು ಬತ್ತಿಸಿ ಬರೀ ಕಪ್ಪು ಹಾಕಿದಳು. ಸೆಟ್ಟಿಂಗ್ಸ್ ಹೊಕ್ಕು, ಕಿಟಕಿಗಳು ತೇಲಿ ಬಂದು ತೇಲಿ ಹೋಗುವ ಒನಪು ವಯ್ಯಾರವನ್ನೆಲ್ಲ ನಿಲ್ಲಿಸಿದಳು. ತೆರೆಮರೆಯಲ್ಲಿ ಕೂತು ಕದ್ದು ತಿನ್ನುತ್ತಿದ್ದ ಆಪ್‌ಗಳ ಬಾಯಿಗೆ ಬೀಗ ಜಡಿದಳು. ಕಾರ್ಖಾನೆಯ ಗುಂಪಿನಿಂದ ದಿನಾ ಬೆಳಿಗ್ಗೆ ಬರುವ ಗುಲಾಬಿ ಹೂವಿನ ಶುಭೋದಯಗಳು ತಾವಾಗಿ ಒಳಗೆ ಇಳಿಯದಂತೆ ಮಾಡಿ, ಇಳಿದಿದ್ದ ಒಂಬೈನೂರನ್ನು ಒಟ್ಟಿಗೇ ಅಳಿಸಿದಳು. ಕೊನೆಗೆ ಫೋನನ್ನು ಪೂರ್ತಿ ಆರಿಸಿ, ಮತ್ತೆ ಹೊತ್ತಿಸಿದಳು. ಹಾಗೆ ಆರಿಸಿ ವರ್ಷದ ಮೇಲಾಗಿತ್ತು.

ಫೋನು ಕೊಂಚ ಉಸಿರಾಡಿತು, ಆದರೆ ಓಡಲಿಲ್ಲ. ಜಾಗದ ಲೆಕ್ಕ ನೋಡಿದರೆ ಅರವತ್ತನಾಲ್ಕು ಜಿಬಿಯಲ್ಲಿ ಇನ್ನೂ ಮೂರು ಕೂಡ ಖಾಲಿಯಿಲ್ಲ. ತುಂಬಿದ್ದೆಲ್ಲ ವಿಡಿಯೋ. ವಿಡಿಯೋದಲ್ಲಿ ಮುಕ್ಕಾಲು ಪಾಲು ಒಬ್ಬಳದೇ, ತಂಗಿಯದು.

ತಂಗಿಗೂ ಕಿವಿ ಕೇಳದು. ಮದುವೆಯಾಗಿ ಎಂಟು ಗಂಟೆ ರೈಲಿನ ದಾರಿಯಲ್ಲಿದ್ದಳು. ಇಬ್ಬರ ನಡುವೆ ಐದು ವರ್ಷ ದಿನಾ ಒಂದೆರಡು ವಿಡಿಯೋ ಹೋಗಿಬಂದಿದ್ದವು, ಎಂಟು ತಿಂಗಳಿಂದ ಒಂದೂ ಇಲ್ಲ. ಮಗಳ ಶಾಲೆ ಬದಲಿಸುವ ವಿಷಯ ಹೇಳಲು ತಂಗಿ ಶುರುಮಾಡಿದ್ದಳು. ಅವಳು ಮುಗಿಸುವ ಮೊದಲೇ ಅಕ್ಕ ಬುದ್ಧಿ ಹೇಳಿದ್ದಳು. ಮಾತಿಗೆ ಮಾತು ಬೆಳೆದು, ತಂಗಿಯ ಕೊನೆಯ ವಿಡಿಯೋ ಬಂದಿತ್ತು: "ನೀನು ಯಾರ ಮಾತನ್ನೂ ಕೊನೇವರೆಗೆ ನೋಡಲ್ಲ. ಮಧ್ಯದಲ್ಲೇ ಕತ್ತರಿ ಹಾಕ್ತೀಯ." ಅಷ್ಟು ಹೊತ್ತಿಗೆ ಫೋನು ನಿಂತುಹೋಗಿತ್ತು. ಎರಡು ಬೆರಳನ್ನು ಕತ್ತರಿ ಮಾಡಿ, ಕಣ್ಣು ಕೆಂಡ ಮಾಡಿಕೊಂಡ ತಂಗಿಯ ಮುಖ ಅಲ್ಲಿ, ಅದರ ಮೇಲೆ ತಿರುಗುತ್ತಿದ್ದ ಒಂದು ಚಕ್ರ. ಅಕ್ಕ ಫೋನನ್ನು ಹಾಸಿಗೆಯ ಮೇಲೆ ಎಸೆದಿದ್ದಳು. ಆಮೇಲೂ ಕೋಪ ಆರತೊಡಗಿದಾಗಲೆಲ್ಲ ಆ ವಿಡಿಯೋ ತೆರೆಯುತ್ತಿದ್ದಳು, ಅದು ಮೊದಲೇ ಮಾತಾಡಿಕೊಂಡಂತೆ ಅದೇ ಜಾಗದಲ್ಲಿ ನಿಲ್ಲುತ್ತಿತ್ತು. ಅವಳಿಗೂ ಅಷ್ಟು ಸಾಕಾಗಿತ್ತು. ಕಿವಿ ಕೇಳುವವರು ಜಗಳವಾಡಿ ಮರೆಯುತ್ತಾರೆ, ಇವಳ ಹತ್ತಿರ ಸಾಕ್ಷಿ ಇತ್ತಲ್ಲ.

ಈಗ ಆ ವಿಡಿಯೋಗಳ ಸಾಲನ್ನೆಲ್ಲ ಮೊದಲಿನಿಂದ ಇಳಿಸುತ್ತ ಬಂದಳು. ಬಸ್ ಸಿಕ್ತು. ಮಗು ಮಲಗ್ತು. ಹಲ್ಲು ನೋವು, ಇಲ್ಲಿ, ಹಿಂದೆ. ನೀನು ಕಳಿಸಿದ ನೀಲಿ ಕೋಟು ಬಂತು. ಒಬ್ಬರಿಗೊಬ್ಬರು ಎಷ್ಟೊಂದು ಏನೂ ಅಲ್ಲದ್ದನ್ನು ಹೇಳಿಕೊಂಡಿದ್ದೆವಲ್ಲ ಎನಿಸಿತು ಅವಳಿಗೆ. ಆದರೂ ಬೆರಳು ನಿಲ್ಲಿಸಲಿಲ್ಲ. ಕಾರ್ಖಾನೆಯಲ್ಲಿ ಅಂಗೈಗಿಂತ ದೊಡ್ಡ ತುಂಡನ್ನು ಎತ್ತಿಡುತ್ತಾರೆ, ಚಿಕ್ಕದು ಕಸದ ಚೀಲಕ್ಕೆ. ತಂಗಿಯ ಮಗಳು ಮೊದಲ ಸಲ ಕೈಯಲ್ಲಿ "ದೊಡ್ಡಮ್ಮ" ಎಂದದ್ದನ್ನು ಉಳಿಸಿದಳು, ಇನ್ನೂ ಹತ್ತನ್ನು ಉಳಿಸಿದಳು. ಉಳಿದ ಮೂರು ಸಾವಿರ ಚೀಲಕ್ಕೆ ಹೋದವು. ಮಧ್ಯಾಹ್ನ ಎರಡಕ್ಕೆ ನೋಡಿದರೆ ನಲವತ್ತು ಜಿಬಿ ಖಾಲಿ. ಬೆರಳು ಮುಟ್ಟುವ ಮೊದಲೇ ಪರದೆ ತೆರೆಯುತ್ತಿದೆ.

ಉಳಿದದ್ದು ಆ ಒಂದು ಸಾಕ್ಷಿ. ಅಳಿಸುವ ಮುನ್ನ ಇನ್ನೊಮ್ಮೆ ಉರಿದುಕೊಳ್ಳೋಣವೆಂದು ತೆರೆದಳು.

ತಂಗಿ ಎರಡು ಬೆರಳು ಕತ್ತರಿ ಮಾಡಿದಳು. ಈ ಸಲ ಚಕ್ರ ಬರಲಿಲ್ಲ, ವಿಡಿಯೋ ನಿಲ್ಲಲಿಲ್ಲ. ತಂಗಿಯ ಕೈ ಕೆಳಗಿಳಿಯಿತು. ತೋಳಿನಿಂದ ಮೂಗು ಒರೆಸಿಕೊಂಡಳು. ಮಗಳು ಬಂದು ಅವಳ ತೊಡೆಗೆ ಒರಗಿದಳು. ಆಮೇಲೆ ತಂಗಿಯ ಕೈಗಳು ಮತ್ತೆ ಎದ್ದವು: "ಹೋಗ್ಲಿ ಬಿಡು. ನಿನ್ನ ಬಿಟ್ಟು ಯಾರನ್ನ ಕೇಳ್ಲಿ? ಇವಳ ನೀಲಿ ಕೋಟು ಭುಜದ ಹತ್ರ ಬಿಗಿಯಾಗ್ತಿದೆ. ಎರಡು ಇಂಚು ಬಿಡಿಸೋಕಾಗುತ್ತಾ? ಬೇಗ ಹೇಳು, ಚಳಿ ಶುರುವಾಯ್ತು." ಅಲ್ಲಿಗೆ ಮುಗಿಯಿತು. ಒಂದು ನಿಮಿಷ ಐವತ್ತೆರಡು ಸೆಕೆಂಡು.

ಕತ್ತರಿ ಅಕ್ಕ ಗೋಡೆಯ ಕ್ಯಾಲೆಂಡರ್ ನೋಡಿದಳು. ಚಳಿಗಾಲ ಬಂದು ಹೋಗಿ, ಬೇಸಿಗೆಯೂ ಮುಗಿಯುತ್ತ ಬಂದಿತ್ತು. ಮಂಗಳವಾರ ಆ ಮೂವರು ತನ್ನನ್ನು ಅರ್ಧಕ್ಕೆ ನೋಡಿ ಎದ್ದುಹೋದರೆಂದು ಮೈ ಉರಿದುಕೊಂಡವಳು, ಎಂಟು ತಿಂಗಳಿಂದ ತಂಗಿಗೆ ಮಾಡಿದ್ದೂ ಅದನ್ನೇ. ಅವರಿಗಾದರೂ ಫೋನಿನ ನೆಪವಿತ್ತು. ತನಗೆ ಬೇಕಿದ್ದರೆ ಮಾರನೆಯ ದಿನವೇ ಕೊನೆಯವರೆಗೆ ನೋಡಬಹುದಿತ್ತು. ಅವಳಿಗೆ ನಾಚಿಕೆಯಾಯಿತು. ಅಪರೂಪಕ್ಕೆ ಆದದ್ದರಿಂದ ಜೋರಾಗಿಯೇ ಆಯಿತು.

ಗಂಟೆ ಎರಡೂವರೆ. ಕೈ ಸರಿಯಾಗಿ ಕಾಣುತ್ತದೋ ಇಲ್ಲವೋ ಎಂದು ನಾಲ್ಕರ ಮೊದಲು ಯಾರಾದರೂ ನೋಡಿ ಹೇಳಬೇಕಿತ್ತು. ದುಭಾಷಿ ಬೇರೆ ಕೆಲಸದಲ್ಲಿದ್ದಳು. ಗಂಡನ ಕೈಮಾತೋ ಗ್ರೀಸ್ ಹಾಕದ ಗೇರು. ಕೈಮಾತನ್ನು ಕಣ್ಣೆವೆ ಮುಚ್ಚದೆ ಹಿಡಿಯಬಲ್ಲವಳು ಲೋಕದಲ್ಲಿ ಒಬ್ಬಳೇ ಇದ್ದಳು. ಅಕ್ಕ ಕರೆ ಮಾಡಿದಳು.

ತಂಗಿ ತಕ್ಷಣ ತೆಗೆದಳು. ಮುಖ ಬಿಗಿದಿತ್ತು.

"ನನ್ನ ಕೈ ಸರಿಯಾಗಿ ಕಾಣ್ತಿದೆಯಾ?" ಎಂದು ಅಕ್ಕ ಕೇಳಿದಳು.

"ಕಾಣ್ತಿದೆ. ಎಂಟು ತಿಂಗಳಾದ್ಮೇಲೆ ಕಾಣ್ತಿದೆ."

"ಎರಡು ಇಂಚು ಬರುತ್ತೆ. ಒಳಗಡೆ ಎರಡೂವರೆ ಬಿಟ್ಟೇ ಹೊಲಿದಿದ್ದೆ."

ತಂಗಿ ಅವಳನ್ನೇ ನೋಡಿದಳು. "ಈಗ ಎರಡು ಸಾಲಲ್ಲ. ಅವಳು ಬೆಳೆದುಬಿಟ್ಟಿದ್ದಾಳೆ."

ಅಕ್ಕ ಕೈ ಎತ್ತಿದಳು, ಹೇಳಲು ಏನೂ ಸಿಗದೆ ಇಳಿಸಿದಳು. ಅವಳ ಜೀವಮಾನದಲ್ಲಿ ಇದು ಮೊದಲ ಸಲ. ಪರದೆ ನಿಂತಿತೇನೋ ಎಂದು ತಂಗಿ ಫೋನನ್ನು ತಟ್ಟಿ ನೋಡಿದಳು. ಆಮೇಲೆ ಅಕ್ಕನ ಕಣ್ಣಿಂದ ಇಳಿಯುತ್ತಿದ್ದ ನೀರು ಕಾಣಿಸಿತು, ನೀರು ಎಲ್ಲೂ ತಡೆಯದೆ ಸಲೀಸಾಗಿ ಇಳಿಯುತ್ತಿತ್ತು.

"ತಪ್ಪು ನಂದು," ಎಂದಳು ಅಕ್ಕ. "ಅಳತೆ ಕಳಿಸು. ಹೊಸದು ಕತ್ತರಿಸ್ತೀನಿ."

ಆಮೇಲಿನ ಒಂದು ಗಂಟೆ ತಂಗಿ ಮಾತಾಡಿದಳು, ಅಕ್ಕ ನೋಡಿದಳು. ಹೊಸ ಶಾಲೆ, ಹೊಸ ಬಾಡಿಗೆ ಮನೆ, ಅತ್ತೆಯ ಮೊಣಕಾಲು. ನಡುವೆ ಹತ್ತು ಸಲ ಬುದ್ಧಿ ಹೇಳಲು ಕೈ ತುರಿಸಿತು. ಹತ್ತು ಸಲವೂ ಕೈಗಳನ್ನು ತೊಡೆಯ ಕೆಳಗೆ ಸಿಕ್ಕಿಸಿಕೊಂಡಳು. ಕೊನೆಗೆ ಸಂದರ್ಶನದ ವಿಷಯವನ್ನೂ ಫೋನು ಖಾಲಿ ಮಾಡಿದ್ದನ್ನೂ ಎರಡೇ ಮಾತಿನಲ್ಲಿ ಹೇಳಿದಳು. ಫೋನು ಒಮ್ಮೆಯೂ ನಿಲ್ಲಲಿಲ್ಲ.

ನಾಲ್ಕಕ್ಕೆ ಸರಿಯಾಗಿ ಮ್ಯಾನೇಜರ್ ಬಂದ, ಪಕ್ಕದಲ್ಲಿ ಅದೇ ಇಬ್ಬರು. ಬಟ್ಟೆ ಕಡಿಮೆ ಬೀಳುವ ಪ್ರಶ್ನೆಯೇ ಮತ್ತೆ ಬಂತು. ಎರಡು ದಿನ ಕಟ್ಟಿಟ್ಟಿದ್ದ ಉತ್ತರ ಕಟ್ಟೆ ಒಡೆದಂತೆ ಹರಿಯಿತು. ಅಚ್ಚು ತಿರುಗಿಸುವುದು, ತೋಳಿನ ಅಚ್ಚುಗಳ ಸಂದಿಯಲ್ಲಿ ಜೇಬಿನ ಅಚ್ಚು ಕೂರಿಸುವುದು, ಬಟ್ಟೆಯ ಎಳೆ ಯಾವ ಕಡೆಗಿದೆ ನೋಡುವುದು. ದುಭಾಷಿಗೆ ಬೆವರಿಳಿಯಿತು. ಮ್ಯಾನೇಜರ್ ಏನೋ ಹೇಳಿದ, ದುಭಾಷಿ ನಗು ತಡೆದುಕೊಂಡು ಅದನ್ನು ಕೈಗಿಳಿಸಿದಳು: "ಸ್ವಲ್ಪ ನಿಧಾನವಾಗಿ ಮಾತಾಡಬೇಕಂತೆ. ನೀವು ತುಂಬಾ ಫಾಸ್ಟು."

ಕತ್ತರಿ ಅಕ್ಕನಿಗೆ ಆ ಫೋನನ್ನು ಎತ್ತಿ ಮುದ್ದಿಡಬೇಕೆನಿಸಿತು.

ಕೊನೆಯ ಪ್ರಶ್ನೆ ಉದ್ದವಿತ್ತು. ಕೈಕೆಳಗಿನವರು ತಪ್ಪು ಮಾಡಿದರೆ ಎಂದು ದುಭಾಷಿ ತೊಡಗುತ್ತಿದ್ದಂತೆ ಇವಳ ಕೈಗಳು ಎದ್ದವು, ಉತ್ತರ ಬೆರಳ ತುದಿಯಲ್ಲೇ ಇತ್ತು. ಕೈ ಇಳಿಸಿದಳು. ದುಭಾಷಿಯ ಕೈಗಳು ಪೂರ್ತಿ ಮಡಿಲಿಗೆ ಬರುವವರೆಗೆ ಕಾದಳು. ಒಂದು ಪೂರ್ತಿ ಹಾಸು ಬಟ್ಟೆ ಕೆಡಿಸಿದವರಿಗೆ ನೀವು ಮೊದಲು ಏನು ಹೇಳುತ್ತೀರಿ ಎಂಬುದು ಪ್ರಶ್ನೆ.

"ಮೊದಲು ಏನೂ ಹೇಳಲ್ಲ," ಎಂದಳು. "ಅವರು ಹೇಳೋದನ್ನ ಕೊನೇವರೆಗೆ ನೋಡ್ತೀನಿ. ಊಟಕ್ಕೆ ಮುಂಚೆ ಕೇಳಿದ್ದರೆ ಬೇರೆ ಉತ್ತರ ಕೊಡ್ತಿದ್ದೆ."

ಮೂವರೂ ನಕ್ಕರು. ಸೋಮವಾರದಿಂದ ಬರಬಹುದೇ ಎಂದು ಮ್ಯಾನೇಜರ್ ಕೇಳಿದ.

ಸಂದರ್ಶನ ಮುಗಿದು ಐದು ನಿಮಿಷಕ್ಕೆ ತಂಗಿಯ ವಿಡಿಯೋ ಬಂತು. ಮಗಳನ್ನು ಗೋಡೆಗೆ ನಿಲ್ಲಿಸಿ ಭುಜ, ತೋಳು, ಎದೆಯ ಅಳತೆ ತೋರಿಸಿದ್ದಳು. ಕೆಲಸ ಏನಾಯ್ತು ಎಂದು ಕೇಳಿದ್ದಳು. ಹಳೆಯ ಮಾತೆಲ್ಲ ಅಳಿಸಿಬಿಟ್ಟೆಯಾ ಎಂದೂ ಕೇಳಿದ್ದಳು. ಅಕ್ಕ ಕೊನೆಯವರೆಗೆ ನೋಡಿ, ಅಳತೆಯನ್ನು ಅಚ್ಚಿನ ಕಾಗದದ ಮೇಲೆ ಬರೆದುಕೊಂಡು, ಆ ವಿಡಿಯೋ ಅಳಿಸಿದಳು. ನಾಳೆ ಇನ್ನೊಂದು ಬರುತ್ತದೆ. ಆಮೇಲೆ ಫೋನನ್ನು ಎದುರಿಗಿಟ್ಟು ಕೈ ಎತ್ತಿದಳು.

"ಸೋಮವಾರದಿಂದ ಹೊಸ ಕೆಲಸ. ಹೆಚ್ಚುಕಮ್ಮಿ ಎಲ್ಲಾ ಅಳಿಸಿದೆ. ನೀನು ಬೈದಿದ್ದು ಮಾತ್ರ ಇಟ್ಕೊಂಡಿದೀನಿ."