ಮಾವ ಬೀಗ ಹಾಕಿದ ಕೋಟೆ

ಕೋಟೆಯನ್ನು ಒಂದು ದಿನದ ಮಟ್ಟಿಗೆ ಬಾಡಿಗೆಗೆ ಕೊಡುತ್ತಾರೆ ಎಂದು ಹೇಳಿದಾಗ ಮಾವ ಕೈಯಲ್ಲಿದ್ದ ಕಾಫಿ ಲೋಟವನ್ನು ಕೆಳಗಿಟ್ಟರು.

"ಕೋಟೆನಾ? ಬಾಡಿಗೆಗಾ? ಕೊಡೋನು ಯಾರಪ್ಪಾ ಅದು?"

"ಬಿದ್ದುಹೋಗಿದ್ದನ್ನ ಎತ್ತಿ ಕಟ್ಟಿ ರೂಮು ಮಾಡಿಟ್ಟಿದಾರೆ ಅಪ್ಪ. ಆನ್‌ಲೈನಲ್ಲಿ ಬುಕ್ ಮಾಡಿದೀನಿ," ಎಂದರು ನನ್ನ ಗಂಡ ಕಾರ್ತಿಕ್.

"ಕೋಟೆ ಅಂದ್ರೆ ಲಾಡ್ಜ್ ಅಂದ್ಕೊಂಡಿದೀರಾ?"

ನನ್ನ ಮಾವ ನಾರಾಯಣಸ್ವಾಮಿ ಮಧುಗಿರಿಯ ಕೋಟೆಯಲ್ಲಿ ಮೂವತ್ತೊಂದು ವರ್ಷ ಕಾವಲುಗಾರರಾಗಿದ್ದವರು. ಬೆಳಿಗ್ಗೆ ಬಾಗಿಲು ತೆಗೆಯುವುದು, ಗೋಡೆಯ ಮೇಲೆ ಹೆಸರು ಗೀಚುವವರನ್ನು ಹಿಡಿಯುವುದು, ಸಂಜೆ ಆರಕ್ಕೆ ಸೀಟಿ ಊದಿ ಎಲ್ಲರನ್ನೂ ಹೊರಗೆ ಕಳಿಸಿ ಬೀಗ ಹಾಕುವುದು, ಇದು ಅವರ ಕೆಲಸವಾಗಿತ್ತು. ನಿವೃತ್ತರಾಗಿ ಒಂಬತ್ತು ವರ್ಷವಾಗಿದ್ದರೂ ಆ ಸೀಟಿ ಅವರ ಕೀಗೊಂಚಲಿನಲ್ಲಿ ಇನ್ನೂ ತೂಗಾಡುತ್ತಿತ್ತು. ಮಧುಗಿರಿಯಲ್ಲಿ ನನ್ನ ನಾದಿನಿಯ ಮನೆಯಲ್ಲಿ ಸುಖವಾಗಿರುವ ಅವರು ಮೂರು ತಿಂಗಳಿಗೆಂದು ಕತಾರಿಗೆ, ದೋಹಾದ ಮದೀನತ್ ಖಲೀಫಾ ಬಡಾವಣೆಯ ನಮ್ಮ ಮನೆಗೆ ಬಂದಿದ್ದರು. ಮುಂದಿನ ಗುರುವಾರ ಅವರ ವಿಮಾನ.

ಕೋಟೆಯ ಮಾತು ತೆಗೆದವಳು ಎಂಟು ವರ್ಷದ ನನ್ನ ಮಗಳು ಗಗನಾ. ತಾತ ಮೊಮ್ಮಗಳ ನಡುವೆ ಮಾತು ಸರಾಗವಾಗಿ ಸಾಗುತ್ತಿರಲಿಲ್ಲ. ಅವಳ ಕನ್ನಡದಲ್ಲಿ ಅರ್ಧ ಇಂಗ್ಲಿಷು, ಅವರ ಇಂಗ್ಲಿಷಿನಲ್ಲಿ ಇದ್ದದ್ದೇ ಎರಡು ವಾಕ್ಯ: "ನೋ ಟಚ್" ಮತ್ತು "ಟೈಮ್ ಓವರ್". ಒಂದು ದಿನ ನಾನು ಬಟ್ಟೆ ಮಡಿಸುತ್ತಿದ್ದಾಗ ಅವಳು ಕೇಳಿದಳು, "ತಾತ, ನೈಟ್‌ನಲ್ಲಿ ಫೋರ್ಟ್ ಒಳಗೆ ಹೇಗಿರತ್ತೆ?"

ಮಾವ ಕೀಗೊಂಚಲಿನ ಸೀಟಿಯನ್ನು ಬೆರಳಿಂದ ತಿರುಗಿಸಿದರು. "ಗೊತ್ತಿಲ್ಲ ಮಗಳೇ. ಆರು ಗಂಟೆ ಮೇಲೆ ನಾನೂ ಹೊರಗೇ ತಾನೆ?"

"ಹಾಗಾದ್ರೆ ನಾವಿಬ್ರೂ ಒಂದು ನೈಟ್ ಮಲಗೋಣ. ಫೋರ್ಟ್ ಮೇಲೆ. ಪ್ರಾಮಿಸ್?"

"ನೋಡೋಣ," ಎಂದರು. ಮಕ್ಕಳಿಗೆ ಅಷ್ಟು ಸಾಕು. ಅವಳು ಇಡೀ ಕ್ಲಾಸಿಗೆ ಸಾರಿಬಿಟ್ಟಿದ್ದಳು. ಅದಕ್ಕೇ ಕಾರ್ತಿಕ್ ಬೆನ್ನು ಹತ್ತಿ ಬುಕ್ ಮಾಡಿಸಿದ್ದೆ.

ಫೆಬ್ರವರಿಯ ಕೊನೆಯ ಶುಕ್ರವಾರ ಹೊರಟೆವು. ದೋಹಾದಿಂದ ಉತ್ತರಕ್ಕೆ ಒಂದು ಗಂಟೆಯ ದಾರಿ. ಹೆದ್ದಾರಿ ಬಿಟ್ಟು ಕಲ್ಲುಮಣ್ಣಿನ ಹಾದಿ ಹಿಡಿದ ಮೇಲೆ ಮೊದಲು ಖರ್ಜೂರದ ತೋಟ ಕಂಡಿತು, ಆಮೇಲೆ ಹಸಿರು ಕುದುರೆಮೆಂತೆಯ ಮೇವಿನ ಹೊಲ, ನಾಲ್ಕೈದು ಮೇಕೆಗಳು, ಅದರ ಹಿಂದೆ ಕೋಟೆ. ನಾನು ಏನೋ ದೊಡ್ಡದನ್ನು ಊಹಿಸಿಕೊಂಡಿದ್ದೆ. ಇದು ದೊಡ್ಡದಲ್ಲ, ಆದರೆ ನೋಡಿದ ಕಣ್ಣು ಕೀಳಲಾಗಲಿಲ್ಲ. ನೆಲದ ಬಣ್ಣವೇ ಗೋಡೆಗೂ. ಮೂಲೆಗೊಂದು ಬುರುಜು, ಮೂರು ದುಂಡಗೆ, ಒಂದು ಚೌಕ. ಆ ಬಯಲಿನ ಮಣ್ಣೇ ಒಂದು ದಿನ ಮನಸ್ಸು ಮಾಡಿ ಎದ್ದು ನಿಂತಂತಿತ್ತು.

"ಇಷ್ಟೇನಾ? ನಮ್ಮಲ್ಲಿ ಮೊದಲನೇ ಬಾಗಿಲೇ ಇದರಷ್ಟಿದೆ," ಎಂದರು ಮಾವ.

ಕೋಟೆ ನೋಡಿಕೊಳ್ಳುವ ಟೆರೆನ್ಸ್ ನಮ್ಮವನೇ, ಉಡುಪಿ ಕಡೆಯವನು. "ಬನ್ನಿ ಬನ್ನಿ, ಎಂತ ಬಿಸಿಲು ಅಲ್ವಾ? ಇವತ್ತು ಇಡೀ ಕೋಟೆ ನಿಮ್ಮದೇ ಮಾರಾಯ್ರೆ," ಎಂದು ಬೀಗದ ಕೈಯನ್ನು ಮಾವನ ಕೈಗೆ ಕೊಟ್ಟ. "ದೊಡ್ಡವರು ನೀವೇ ಇಟ್ಟುಕೊಳ್ಳಿ ಸರ್."

ಕಬ್ಬಿಣದ ಆ ಉದ್ದನೆಯ ಕೀ ಕೈಗೆ ಬಂದದ್ದೇ ಮಾವನ ಬೆನ್ನು ನೆಟ್ಟಗಾಯಿತು. ದೊಡ್ಡ ಬಾಗಿಲಿನಲ್ಲೇ ಒಂದು ಸಣ್ಣ ದಿಡ್ಡಿ ಬಾಗಿಲು. ಎಲ್ಲರೂ ಬಗ್ಗಿ ಒಳಗೆ ಹೋದೆವು. ನಡುವೆ ಅಂಗಳ, ಅಂಗಳದಲ್ಲಿ ಬಾವಿ, ಸುತ್ತ ಕೋಣೆಗಳು. ಚಾವಣಿಗೆ ಮರದ ಗಳು, ಅದರ ಮೇಲೆ ಬಿದಿರು, ಅದರ ಮೇಲೆ ಖರ್ಜೂರದ ಗರಿಯ ಚಾಪೆ. ಹೆಣಿಗೆ ಎಷ್ಟು ಒಪ್ಪವಾಗಿತ್ತೆಂದರೆ ನಾನು ಚೀಲ ಇಳಿಸುವುದನ್ನೂ ಮರೆತು ಕತ್ತೆತ್ತಿ ನಿಂತೆ. ಏಸಿಯನ್ನು ಮರದ ಜಾಲರಿಯ ಹಿಂದೆ ಅಡಗಿಸಿದ್ದರು. ಮಲಗುವವರಿಗೆ ಬೇಕಾದದ್ದೆಲ್ಲ ಇತ್ತು, ಆದರೆ ಯಾವುದೂ ಮುಂದೆ ಬಂದು ನಿಂತಿರಲಿಲ್ಲ.

ಮಾವ ಮಾತ್ರ ತಪಾಸಣೆಗೆ ಇಳಿದಿದ್ದರು. ಕಾರ್ತಿಕ್ ಗೋಡೆಗೆ ಒರಗಿದರೆ, "ಏಯ್, ನೋ ಟಚ್!" ಗಗನಾ ಮೆಟ್ಟಿಲ ಮೇಲೆ ಓಡಿದರೆ, "ನಿಧಾನ, ಹಳೇ ಕಲ್ಲು!"

ಪೂರ್ವದ ಗೋಡೆಯ ಹತ್ತಿರ ಬಂದವರು ನಿಂತುಬಿಟ್ಟರು. ನನ್ನನ್ನು ಕರೆದು ಬೆರಳಿನಿಂದ ಗಾಳಿಯಲ್ಲೇ ಒಂದು ಗೆರೆ ಎಳೆದರು.

"ಸಂಜನಾ, ಇಲ್ಲಿ ನೋಡಮ್ಮ. ಹಳೇ ಗೋಡೆ ಇಲ್ಲಿಗೆ ಮುಗೀತು. ಇಲ್ಲಿಂದ ಮೇಲಕ್ಕೆ ಹೊಸದು. ನಡುವೆ ಚಿಕ್ಕ ಕಲ್ಲಿನ ಸಾಲು ಕಾಣ್ತಾ?"

"ಹೌದು ಸರ್," ಎಂದ ಟೆರೆನ್ಸ್. "ಯಾವುದು ಹಳತು, ಯಾವುದು ಹೊಸತು ಅಂತ ಗೊತ್ತಾಗ್ಬೇಕು ಅಂತ ಬೇಕಂತಲೇ ಇಟ್ಟದ್ದು."

"ಸಿಮೆಂಟು?"

"ಮಾಫಿ ಸಿಮೆಂಟ್!" ಇಲ್ಲ ಅನ್ನುವುದನ್ನು ಅರಬ್ಬಿಯಲ್ಲೇ ಹೇಳಿದ ಟೆರೆನ್ಸ್. "ಒಂದು ಚಮಚವೂ ಇಲ್ಲ. ಮಣ್ಣು, ಹುಲ್ಲು, ಜಿಪ್ಸಮ್, ಅಷ್ಟೇ."

ಮಾವ ಬಹಳ ಹೊತ್ತು ಆ ಸಾಲನ್ನೇ ನೋಡಿದರು. "ಸುಳ್ಳು ಹೇಳಿಲ್ಲ," ಎಂದರು ಕೊನೆಗೆ. "ಹೊಸದನ್ನ ಹಳೇದು ಅಂತ ತೋರಿಸಿಲ್ಲ. ಕೆಲಸ ಅಂದ್ರೆ ಇದು." ಮೂಗೆಳೆದು ವಾಸನೆ ನೋಡಿದರು. "ಬಾವಲಿ ವಾಸನೆ ಇಲ್ಲದ ಕೋಟೆ ಇದೇ ಮೊದಲು ನೋಡ್ತಿರೋದು."

ಮೂರು ತಿಂಗಳಲ್ಲಿ ಕತಾರಿನ ಯಾವುದಕ್ಕೂ ಅವರು ಇಷ್ಟು ಮಾರು ಹೋಗಿರಲಿಲ್ಲ. ಇನ್ನೇನು, ರಾತ್ರಿ ಉಳಿದೇ ಉಳಿಯುತ್ತಾರೆ ಎಂದುಕೊಂಡೆ.

ಆದರೆ ಟೆರೆನ್ಸ್ ತನ್ನ ಮನೆಗೆ ಹೊರಟು, ಬಿಸಿಲು ಇಳಿಯುತ್ತಿದ್ದಂತೆ ಮಾವನ ಮಾತು ಕಡಿಮೆಯಾಯಿತು. ಗಗನಾ ಮಾಳಿಗೆಯ ಮೇಲೆ ಎರಡು ಹಾಸಿಗೆ ಜೋಡಿಸಿ, "ತಾತ, ಇದು ನಿಂದು" ಎಂದು ತೋರಿಸಿದಾಗ ಗಡಿಯಾರ ನೋಡಿಕೊಂಡರು. ಕೆಳಗೆ ಬಂದು ಕಾರ್ತಿಕ್ ಹತ್ತಿರ ಮೆಲ್ಲಗೆ ಹೇಳಿದ್ದು ನನಗೂ ಕೇಳಿಸಿತು.

"ನೀವು ಮಲಗಿ. ನಾನು ಕಾರಲ್ಲಿ ಮಲಗ್ತೀನಿ. ನನ್ ಕೈಲಿ ಆಗಲ್ಲ ಕಣೋ. ಇಷ್ಟು ವರ್ಷ ಜನರನ್ನ ಹೊರಗೆ ಹಾಕಿದೋನು, ಈಗ ನಾನೇ ಒಳಗೆ ಕಾಲು ಚಾಚ್ಕೊಂಡು ಮಲಗ್ಲಾ?"

"ಅಪ್ಪಾ, ಇದು ಮಧುಗಿರಿ ಅಲ್ಲ."

"ಕೋಟೆ ಕೋಟೆನೇ."

ಮೆಟ್ಟಿಲ ಮೇಲೆ ಕೂತಿದ್ದ ಗಗನಾಗೆ ಎಲ್ಲ ಅರ್ಥವಾಗಿತ್ತು. ಅಳಲಿಲ್ಲ. ಜೋಡಿಸಿದ್ದ ದಿಂಬನ್ನು ತಂದು ತೊಡೆಯ ಮೇಲಿಟ್ಟುಕೊಂಡು ಕೂತಳು. ಅವಳು ಅತ್ತಿದ್ದರೆ ನನಗೆ ಸಮಾಧಾನ ಮಾಡುವುದು ಸುಲಭವಾಗುತ್ತಿತ್ತು. ಪಕ್ಕದಲ್ಲಿ ಕೂತು ಅವಳ ಜಡೆ ಬಿಚ್ಚಿ ಮತ್ತೆ ಹೆಣೆದೆ. ಬಲವಂತ ಮಾಡಿದರೆ ಮಾವ ಇನ್ನೂ ಬಿಗಿಯಾಗುತ್ತಾರೆ ಎಂದು ನನಗೆ ಗೊತ್ತು. ಹಸಿವಾಗುವ ಹೊತ್ತಿಗೆ ನೋಡೋಣ ಎಂದು ಅಡುಗೆಕೋಣೆಗೆ ಹೋಗಿ ಬಿಸಿಬೇಳೆಬಾತಿಗೆ ಅಕ್ಕಿ, ಬೇಳೆ ತೊಳೆದು ಕುಕ್ಕರಿಗೆ ಹಾಕಿ ಒಲೆ ಹಚ್ಚಿದೆ.

ಸರಿಯಾಗಿ ಆರು ಗಂಟೆಗೆ ಮಾವನ ಸೀಟಿ ಮೊಳಗಿತು. ಅಂಗಳದ ನಾಲ್ಕು ಗೋಡೆಗೂ ಬಡಿದು ಬಂತು ಆ ಸದ್ದು.

"ಟೈಮ್ ಓವರ್! ಎಲ್ಲರೂ ಹೊರಗೆ, ಹೊರಗೆ, ಬೇಗ!"

ಏನೋ ಅನಾಹುತವಾಗಿದೆ ಎಂದುಕೊಂಡು ನಾನು ಸೌಟು ಹಿಡಿದೇ ಓಡಿದೆ. ಕಾರ್ತಿಕ್ ಮುಖಕ್ಕೆ ಸೋಪು ಹಚ್ಚಿಕೊಂಡವರು ಹಾಗೇ ಬಂದರು. ಗಗನಾ ದಿಂಬು ಹಿಡಿದು ಬಂದಳು. ಮಾವ ಒಬ್ಬೊಬ್ಬರನ್ನೇ ಬಗ್ಗಿಸಿ ದಿಡ್ಡಿ ಬಾಗಿಲಿನಿಂದ ದಾಟಿಸಿ, "ಒಂದು, ಎರಡು, ಮೂರು" ಎಂದು ಎಣಿಸಿ, ತಾವೂ ಹೊರಬಂದು ಬೀಗ ಹಾಕಿ ಕೀಯನ್ನು ಜೇಬಿಗೆ ಹಾಕಿಕೊಂಡರು. ಆಗಲೇ ಅವರಿಗೆ ಎಚ್ಚರವಾದದ್ದು. ನಮ್ಮ ಮುಖ ನೋಡಿದರು. ನನ್ನ ಕೈಯ ಸೌಟು ನೋಡಿದರು.

"ಕೈ ತಾನಾಗೇ ಮಾಡಿಬಿಡ್ತು ಕಣಮ್ಮ," ಎಂದರು ಸಣ್ಣ ದನಿಯಲ್ಲಿ.

ಕಾರ್ತಿಕ್ ಒಂದೇ ಕಣ್ಣು ಬಿಟ್ಟು, "ಅಪ್ಪಾ, ನಾನು ಸೋಪು ತೊಳ್ಕೊಂಡು ಬಂದ್ಮೇಲೆ ಮುಚ್ಚಬಹುದಿತ್ತಲ್ಲ," ಎಂದರು.

ಅಷ್ಟರಲ್ಲಿ ಒಳಗಿನಿಂದ ಸೀಟಿ ಕೇಳಿಸಿತು. ಬೀಗ ಹಾಕಿದ ಕೋಟೆಯೊಳಗಿನಿಂದ. ಮಾವ ಬೆಚ್ಚಿ ತಮ್ಮ ಸೀಟಿ ಮುಟ್ಟಿ ನೋಡಿಕೊಂಡರು.

"ಅಯ್ಯೋ, ಕುಕ್ಕರ್!" ಎಂದೆ.

"ಒಲೆ ಉರೀತಿದೆಯಾ? ಮರದ ಚಾವಣಿ ಅದು!" ಕೀ ತೆಗೆದು, ಬೀಗ ತಿರುಗಿಸಿ, ನನಗಿಂತ ಮೊದಲು ಬಗ್ಗಿ ನುಗ್ಗಿದರು. ಎಪ್ಪತ್ತರ ಹತ್ತಿರದ ಆ ದೇಹ ಅಂಗಳ ದಾಟಿದ ವೇಗ ನೋಡಿ ನಾನು ದಂಗಾದೆ. ನಾನು ಹೋಗುವಷ್ಟರಲ್ಲಿ ಒಲೆ ಆರಿಸಿ, ಚಾವಣಿಯ ಚಾಪೆಯನ್ನು ಮೊಳ ಮೊಳವೂ ಪರೀಕ್ಷಿಸುತ್ತಿದ್ದರು.

"ಏನೂ ಆಗಿಲ್ಲ ಮಾವ."

"ಏನೂ ಆಗಿಲ್ಲ," ಎಂದು ಅವರೂ ಹೇಳಿ, ಉಸಿರು ತೆಗೆದುಕೊಳ್ಳಲು ಹೊರಗೆ ಅಂಗಳಕ್ಕೆ ಬಂದು ಗೋಡೆಗೆ ಅಂಗೈ ಊರಿ ನಿಂತರು.

ಗೂಡುಗಳಲ್ಲಿ ದೀಪಗಳು ಹತ್ತಿದ್ದವು. ಗೋಡೆಗಳಿಗೆ ಜೇನಿನ ಬಣ್ಣ ಬಂದಿತ್ತು. ಬಾವಿಯ ಮೇಲೆ ಆಕಾಶ ಇನ್ನೂ ಸ್ವಲ್ಪ ನೇರಳೆ. ಮಾವ ಕೈ ತೆಗೆಯಲಿಲ್ಲ. ಇನ್ನೊಂದು ಕೈಯನ್ನೂ ಗೋಡೆಗೆ ಇಟ್ಟರು.

"ಬೆಚ್ಚಗಿದೆ," ಎಂದರು.

"ಏನು ತಾತ?" ಎಂದಳು ಹಿಂದೆಯೇ ಬಂದಿದ್ದ ಗಗನಾ.

"ಗೋಡೆ. ಬಾ, ಮುಟ್ಟಿ ನೋಡು." ನೋ ಟಚ್ ಎನ್ನುವ ನನ್ನ ಮಾವ ಅವಳ ಕೈ ಹಿಡಿದು ಗೋಡೆಗೆ ಒತ್ತಿದರು. "ಹಗಲಿನ ಬಿಸಿಲನ್ನ ಇಟ್ಕೊಂಡಿದೆ. ಇಷ್ಟು ವರ್ಷ ಕಾವಲು ಕಾದೆ. ಆರು ಗಂಟೆ ಮೇಲೆ ಕೋಟೆ ಬೆಚ್ಚಗಿರುತ್ತೆ ಅಂತ ನಂಗೆ ಗೊತ್ತೇ ಇರ್ಲಿಲ್ಲವಲ್ಲ."

ಇಬ್ಬರೂ ಹಾಗೇ ನಿಂತರು. ನಾನು ಸೌಟನ್ನು ಸೆರಗಿಗೆ ಒರೆಸುತ್ತಾ ಬಾಗಿಲಲ್ಲೇ ಉಳಿದೆ.

ಆಮೇಲೆ ಗಗನಾ ಕೇಳಿದಳು, "ತಾತ, ಡೋರ್ ಲಾಕ್ ಮಾಡ್ಬೇಕಲ್ವಾ?"

"ಮಾಡ್ಬೇಕು." ಮಾವ ದಿಡ್ಡಿ ಬಾಗಿಲಿನವರೆಗೆ ಹೋದರು. ಹೊಸ್ತಿಲ ಹತ್ತಿರ ಒಂದು ಕ್ಷಣ ನಿಂತರು. ಹೊರಗೆ ನಮ್ಮ ಕಾರು ಕಾಣುತ್ತಿತ್ತು. ಬಾಗಿಲು ಎಳೆದು, ಮರದ ಅಗುಳಿಯನ್ನು ಒಳಗಿನಿಂದ ಹಾಕಿದರು. ತಿರುಗಿ, ಮುಖ ತೊಳೆದು ಬಂದಿದ್ದ ಕಾರ್ತಿಕ್‌ರನ್ನೂ ಸೇರಿಸಿ ನಮ್ಮನ್ನು ಎಣಿಸಿದರು. "ಒಂದು, ಎರಡು, ಮೂರು." ಕೊನೆಗೆ ತಮ್ಮ ಎದೆ ಮುಟ್ಟಿಕೊಂಡು, "ನಾಲ್ಕು."

"ಆ ದಿಂಬು ಮೇಲೆ ತಗೊಂಡು ಹೋಗು ಮಗಳೇ," ಎಂದರು. "ನಂಗೆ ಎರಡು ಬೇಕು, ಕತ್ತು ನೋವು."

ಅವಳು ಹಳೇ ಕಲ್ಲಿನ ಮೆಟ್ಟಿಲ ಮೇಲೆ ಓಡಿದಳು. ಯಾರೂ ಗದರಲಿಲ್ಲ.

ಮಾವ ಗೋಡೆಗೆ ಬೆನ್ನು ಕೊಟ್ಟು, ಕಾಲು ಚಾಚಿ ಕೂತರು. ತಟ್ಟೆಗೆ ಬಡಿಸಿದೆ. ಒಂದು ತುತ್ತು ತಿಂದು ನನ್ನ ಕಡೆ ನೋಡಿದರು.

"ತಳ ಹಿಡಿದಿದೆ ಕಣಮ್ಮ. ಪರವಾಗಿಲ್ಲ, ಇನ್ನೊಂಚೂರು ಹಾಕು."